ದಕ್ಷಿಣ ಆಫ್ರಿಕಾ: ಕತ್ತಲೆಯಲ್ಲಿ ಬೆಳೆದ ಸಿಟ್ಟು

2023ರಲ್ಲಿ ದಕ್ಷಿಣ ಆಫ್ರಿಕಾದ ಎಷ್ಟೋ ಮನೆಗಳಲ್ಲಿ ಅಡುಗೆ, ಸ್ನಾನ, ಮಕ್ಕಳ ಓದು ಎಲ್ಲವೂ ಮೊಬೈಲಿನ ಒಂದು ಆ್ಯಪ್ ನೋಡಿಕೊಂಡೇ ನಡೆಯುತ್ತಿದ್ದವು. ತಮ್ಮ ಬಡಾವಣೆಯಲ್ಲಿ ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ಆ್ಯಪ್ ಅದು. ಆ ವರ್ಷ ಮುನ್ನೂರಕ್ಕೂ ಹೆಚ್ಚು ದಿನ ಲೋಡ್ ಶೆಡ್ಡಿಂಗ್ ಇತ್ತು. ಕೊರತೆಯನ್ನು ಅಲ್ಲಿ ಸ್ಟೇಜ್‌ಗಳಲ್ಲಿ ಹೇಳುತ್ತಾರೆ. ಸ್ಟೇಜ್ 1 ಅಂದರೆ 1,000 ಮೆಗಾವಾಟ್ ಕಡಿತ, ಸ್ಟೇಜ್ 6 ಅಂದರೆ 6,000. ಹೀಗೆ ಸರದಿಯಂತೆ ಕಡಿತ ಮಾಡದಿದ್ದರೆ ಇಡೀ ದೇಶದ ಗ್ರಿಡ್ಡೇ ಕುಸಿಯುವ ಅಪಾಯವಿತ್ತು.

ಕಲ್ಲಿದ್ದಲಿಗೆ ಬರವಿಲ್ಲದ ದೇಶ ಅದು. ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್‌ಗೆ 2001ರಲ್ಲಿ ಜಗತ್ತಿನ ಅತ್ಯುತ್ತಮ ವಿದ್ಯುತ್ ಕಂಪನಿ ಎಂಬ ಪ್ರಶಸ್ತಿಯೂ ಬಂದಿತ್ತು. ವರ್ಣಭೇದ ನೀತಿ ಕೊನೆಗೊಂಡಾಗ ಹೆಚ್ಚಿನ ಕಪ್ಪು ಜನರ ಮನೆಗಳಿಗೆ ಕರೆಂಟೇ ಇರಲಿಲ್ಲ. ಲಕ್ಷಾಂತರ ಅಂಥ ಮನೆಗಳಿಗೆ ದೀಪ ಕೊಟ್ಟದ್ದು ಮಂಡೇಲಾ ಅವರ ಪಕ್ಷ ಎಎನ್‌ಸಿಯ ಸರ್ಕಾರ. ಅದೇ ಪಕ್ಷದ ಆಡಳಿತದಲ್ಲೇ ಆ ದೀಪ ಆರಿತು. ಜನರ ಸಿಟ್ಟು ಅಷ್ಟು ಕಹಿಯಾಗಲು ಇದೂ ಒಂದು ಕಾರಣ.

ಭ್ರಷ್ಟಾಚಾರವೇ ಎಲ್ಲಕ್ಕೂ ಮೂಲ ಎಂದು ಅಲ್ಲಿನ ಬಹಳ ಮಂದಿ ಹೇಳುತ್ತಾರೆ. ಆದರೆ ಲೂಟಿಗೆ ಮೊದಲೇ ಇನ್ನೊಂದು ತಪ್ಪು ನಡೆದಿತ್ತು. ಹೊಸ ಸ್ಥಾವರ ಕಟ್ಟದಿದ್ದರೆ 2007ರ ಹೊತ್ತಿಗೆ ವಿದ್ಯುತ್ ಸಾಲದಾಗುತ್ತದೆ ಎಂದು 1998ರಲ್ಲೇ ಸರ್ಕಾರದ ಶ್ವೇತಪತ್ರ ಎಚ್ಚರಿಸಿತ್ತು. ಖಾಸಗಿಯವರು ಬಂದು ಕಟ್ಟುತ್ತಾರೆಂಬ ನಂಬಿಕೆಯಲ್ಲಿ ಸರ್ಕಾರ ಎಸ್ಕಾಮ್‌ನ ಕೈಕಟ್ಟಿ ಕೂರಿಸಿತು. ದರ ತೀರಾ ಅಗ್ಗವಾಗಿದ್ದ ಆ ಮಾರುಕಟ್ಟೆಗೆ ಖಾಸಗಿಯವರು ಬರಲಿಲ್ಲ. ಶ್ವೇತಪತ್ರ ಹೇಳಿದ ವರ್ಷಕ್ಕೇ ಕತ್ತಲೆ ಬಂತು. ಎಸ್ಕಾಮ್ ಹೇಳಿದ್ದು ಸರಿ, ತಪ್ಪಿದ್ದು ಸರ್ಕಾರವೇ ಎಂದು ಅಧ್ಯಕ್ಷ ಥಾಬೊ ಎಂಬೆಕಿ 2007ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡರು. ಮರುತಿಂಗಳು ಚಿನ್ನದ ಗಣಿಗಳೇ ಕೆಲವು ದಿನ ಬಾಗಿಲು ಹಾಕಬೇಕಾಯಿತು.

ಅಷ್ಟರಲ್ಲಿ ಅವಸರ ಶುರುವಾಗಿತ್ತು. ಮೆಡುಪಿ, ಕುಸಿಲೆ ಎಂಬ ಎರಡು ದೈತ್ಯ ಸ್ಥಾವರಗಳ ಕೆಲಸ ಆರಂಭವಾಯಿತು. ಒಂದೊಂದರ ಸಾಮರ್ಥ್ಯವೂ 4,700 ಮೆಗಾವಾಟ್‌ಗಿಂತ ಹೆಚ್ಚು. ಬಾಯ್ಲರ್‌ಗಳ ಗುತ್ತಿಗೆ ಹಿಟಾಚಿಗೆ ಸಿಕ್ಕಿತು. ಹಿಟಾಚಿಯ ಸ್ಥಳೀಯ ಕಂಪನಿಯಲ್ಲಿ ಶೇ 25ರ ಪಾಲು ಚಾನ್ಸೆಲರ್ ಹೌಸ್ ಎಂಬ ಸಂಸ್ಥೆಯದಾಗಿತ್ತು. ಅದು ಆಳುವ ಪಕ್ಷ ಎಎನ್‌ಸಿಯ ಹೂಡಿಕೆ ಸಂಸ್ಥೆ. ಸುಮಾರು 1.9 ಲಕ್ಷ ಡಾಲರ್‌ಗೆ ಕೊಂಡ ಆ ಪಾಲಿಗೆ ಸುಮಾರು 50 ಲಕ್ಷ ಡಾಲರ್ ಲಾಭಾಂಶ ಸಂದಿತು, ಜೊತೆಗೆ ಗುತ್ತಿಗೆ ಗೆದ್ದುದಕ್ಕೆಂದು ಬೇರೆಯೇ ಶುಲ್ಕ. ಅಮೆರಿಕದ ಷೇರು ನಿಯಂತ್ರಣ ಆಯೋಗ ಈ ವ್ಯವಹಾರವನ್ನು ಕೆದಕಿತು. 2015ರಲ್ಲಿ ಹಿಟಾಚಿ ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ 1.9 ಕೋಟಿ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಅಷ್ಟರೊಳಗೆ ಮೆಡುಪಿಯ ಬಾಯ್ಲರ್‌ಗಳಲ್ಲಿ ಸಾವಿರಾರು ಬೆಸುಗೆಗಳು ದೋಷದಿಂದ ಕೂಡಿವೆಯೆಂದು ಗೊತ್ತಾಗಿ, ಮತ್ತೆ ಬೆಸೆಯುವ ಕೆಲಸ ಹಿಡಿದಿತ್ತು.

ಮೆಡುಪಿ ಪೂರ್ಣಗೊಂಡಿತೆಂದು ಘೋಷಿಸಿದ್ದು 2021ರ ಜುಲೈ 31ರಂದು, ಹಲವು ವರ್ಷ ತಡವಾಗಿ. ಎಂಟೇ ದಿನಕ್ಕೆ ಅದರ ನಾಲ್ಕನೇ ಘಟಕದ ಜನರೇಟರ್ ಸ್ಫೋಟಿಸಿತು. ಜನರೇಟರನ್ನು ತಂಪಾಗಿಡುವ ಹೈಡ್ರೋಜನ್ ಅನಿಲ ಪೂರ್ತಿ ಹೊರಹೋಗುವ ಮೊದಲೇ ಒಳಗೆ ಗಾಳಿ ಬಿಟ್ಟಿದ್ದರು. ಪುಸ್ತಕದಲ್ಲಿ ಬರೆದಿಟ್ಟ ಕ್ರಮವನ್ನು ಪಾಲಿಸಿದ್ದರೆ ತಪ್ಪಿಸಬಹುದಾಗಿದ್ದ ಅನಾಹುತ ಅದು.

ಎಸ್ಕಾಮ್‌ನ ಲೂಟಿಗೆ ಭಾರತದ ನಂಟು ಇರುವುದು ಗುಪ್ತಾ ಸಹೋದರರ ಕಥೆಯಲ್ಲಿ. ಉತ್ತರ ಪ್ರದೇಶದ ಸಹಾರನ್‌ಪುರದಿಂದ ಹೋಗಿ ನೆಲೆಸಿದ ಈ ಕುಟುಂಬ ಅಧ್ಯಕ್ಷ ಜೇಕಬ್ ಜುಮಾ ಅವರಿಗೆ ಎಷ್ಟು ಹತ್ತಿರವಾಗಿತ್ತೆಂದರೆ, ಮಂತ್ರಿ ಪದವಿಗಳ ಮಾತು ಅವರ ಮನೆಯಲ್ಲಿ ನಡೆಯುತ್ತಿತ್ತು ಎಂಬ ಆರೋಪ ಬಂತು. ಅವರ ಟೆಗೆಟಾ ಕಂಪನಿ ಆಪ್ಟಿಮಮ್ ಕಲ್ಲಿದ್ದಲು ಗಣಿ ಕೊಳ್ಳಲು ಹೊರಟಾಗ ಸುಮಾರು 60 ಕೋಟಿ ರ್‍ಯಾಂಡ್ ಕಡಿಮೆ ಬಿತ್ತು. 2016ರ ಏಪ್ರಿಲ್ 11ರಂದು ಬ್ಯಾಂಕುಗಳು ಸಾಲ ಕೊಡಲು ಒಪ್ಪಲಿಲ್ಲ. ಅದೇ ರಾತ್ರಿ ಒಂಬತ್ತಕ್ಕೆ ಎಸ್ಕಾಮ್ ತುರ್ತು ಸಭೆ ಕರೆದು, ಇನ್ನೂ ಬಾರದ ಕಲ್ಲಿದ್ದಲಿಗೆ ಸುಮಾರು 65.9 ಕೋಟಿ ರ್‍ಯಾಂಡ್ ಮುಂಗಡ ಕೊಡಲು ಒಪ್ಪಿತು. ಜನರ ವಿದ್ಯುತ್ ಬಿಲ್ಲಿನ ದುಡ್ಡಿನಲ್ಲಿ ಖಾಸಗಿಯವರೊಬ್ಬರು ಗಣಿ ಕೊಂಡರು! ಅಧಿಕಾರ ದುರ್ಬಳಕೆಯ ದೂರುಗಳನ್ನು ವಿಚಾರಿಸುವ ಸಾರ್ವಜನಿಕ ರಕ್ಷಕಿ ಹುದ್ದೆಯಲ್ಲಿದ್ದ ಥೂಲಿ ಮಡೊನ್ಸೆಲಾ ಅವರ ವರದಿ ಅದೇ ವರ್ಷ ಇದನ್ನೆಲ್ಲ ಬಯಲಿಗೆಳೆಯಿತು. 2018ರ ಫೆಬ್ರುವರಿಯಲ್ಲಿ ಜುಮಾ ರಾಜೀನಾಮೆ ಕೊಟ್ಟರು. ಈ ಲೂಟಿಯ ತನಿಖೆಗೆ ನೇಮಕವಾದ ನ್ಯಾಯಮೂರ್ತಿ ರೇಮಂಡ್ ಝೊಂಡೊ ಆಯೋಗ ನಾಲ್ಕು ವರ್ಷ ವಿಚಾರಣೆ ನಡೆಸಿ ಸಂಪುಟಗಟ್ಟಲೆ ವರದಿ ಕೊಟ್ಟಿತು.

ಆದರೂ ಅಕ್ರಮ ನಿಲ್ಲಲಿಲ್ಲ. 2022ರ ನವೆಂಬರ್‌ನಲ್ಲಿ ಕ್ಯಾಮ್ಡೆನ್ ಸ್ಥಾವರದಲ್ಲಿ ಬೇರಿಂಗ್‌ನ ಎಣ್ಣೆ ಸೋರಿಹೋಗುವಂತೆ ಬೇಕೆಂದೇ ಪ್ಲಗ್ ಬಿಚ್ಚಿದ ಆರೋಪದ ಮೇಲೆ ಗುತ್ತಿಗೆ ಸಂಸ್ಥೆಯ ನೌಕರನೊಬ್ಬನ ಬಂಧನವಾಯಿತು. ಯಂತ್ರ ಕೆಟ್ಟರೆ ರಿಪೇರಿಯ ಗುತ್ತಿಗೆ ಸಿಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕಾಚಾರ ಎಂದು ಎಸ್ಕಾಮ್ ಹೇಳಿತು. ಮರುತಿಂಗಳೇ ತಮ್ಮ ಕಾಫಿಗೆ ಸೈನೈಡ್ ಬೆರೆಸಲಾಗಿತ್ತು ಎಂದು ಕಂಪನಿಯ ಆಗಿನ ಮುಖ್ಯಸ್ಥ ಆಂದ್ರೆ ಡಿ ರಾಯ್ಟರ್ 2023ರ ಜನವರಿಯಲ್ಲಿ ದೂರಿದರು.

ಅನುಕೂಲಸ್ಥರು ಸರ್ಕಾರಕ್ಕಾಗಿ ಕಾಯಲಿಲ್ಲ. ಎಸ್ಕಾಮ್‌ನ ಅಂದಾಜಿನಂತೆ 2022ರ ಮಾರ್ಚ್‌ನಲ್ಲಿ ಸುಮಾರು 1,000 ಮೆಗಾವಾಟ್ ಇದ್ದ ಚಾವಣಿ ಸೋಲಾರ್ ಮರುವರ್ಷದ ಮಧ್ಯದಲ್ಲಿ 4,000 ದಾಟಿತ್ತು. ಸೊವೆಟೊದಂಥ ಕಪ್ಪು ಜನರ ಬಡಾವಣೆಗಳ ಬಡವರಿಗೆ ಆ ದಾರಿ ಇರಲಿಲ್ಲ. ಕಡಿತದ ಬೇನೆಯನ್ನು ಪೂರ್ತಿಯಾಗಿ ಉಂಡವರು ಅವರೇ.

ಅವರ ಉತ್ತರ 2024ರ ಮೇ 29ರ ಚುನಾವಣೆಯಲ್ಲಿ ಬಂತು. 2004ರಲ್ಲಿ ಸುಮಾರು ಶೇ 70 ಮತ ಪಡೆದಿದ್ದ ಎಎನ್‌ಸಿ ಈ ಬಾರಿ ಶೇ 40ಕ್ಕೆ ಇಳಿದು, ಮೂವತ್ತು ವರ್ಷಗಳಲ್ಲಿ ಮೊದಲ ಸಲ ಬಹುಮತ ಕಳೆದುಕೊಂಡಿತು. ನಿರುದ್ಯೋಗ, ಅಪರಾಧ, ನೀರಿನ ಸಮಸ್ಯೆಗಳೂ ಕಾರಣವಾಗಿದ್ದವು. ಚುನಾವಣೆಗೆ ಎರಡು ತಿಂಗಳು ಮುಂಚೆ ಲೋಡ್ ಶೆಡ್ಡಿಂಗ್ ನಿಂತಿತ್ತು, ಆದರೆ ಮತದಾರ ಮರೆತಿರಲಿಲ್ಲ.

ಶಿಕ್ಷೆಯ ಮಾತು ಮಾತ್ರ ದೂರವೇ ಉಳಿಯಿತು. ಕುಸಿಲೆಯ ಇನ್ನೊಂದು ಗುತ್ತಿಗೆಯ 220 ಕೋಟಿ ರ್‍ಯಾಂಡ್‌ನ ಮೊಕದ್ದಮೆಯನ್ನು ಪ್ರಾಸಿಕ್ಯೂಷನ್‌ನ ವಿಳಂಬದ ಕಾರಣಕ್ಕೆ ನ್ಯಾಯಾಲಯ 2023ರ ನವೆಂಬರ್‌ನಲ್ಲಿ ಪಟ್ಟಿಯಿಂದ ಕೈಬಿಟ್ಟಿತು. ದುಬೈಯಲ್ಲಿ ಸಿಕ್ಕಿಬಿದ್ದ ಇಬ್ಬರು ಗುಪ್ತಾ ಸಹೋದರರನ್ನು ಒಪ್ಪಿಸಲು ಅಲ್ಲಿನ ನ್ಯಾಯಾಲಯ ನಿರಾಕರಿಸಿತು. ಅದೇ ಅವಧಿಯಲ್ಲಿ ವಿದ್ಯುತ್ ದರ 2023ರ ಏಪ್ರಿಲ್‌ನಲ್ಲಿ ಶೇ 18.65ರಷ್ಟು, ಮರುವರ್ಷ ಶೇ 12.74ರಷ್ಟು ಏರಿತು. ಈ ಹೆಚ್ಚಳವನ್ನು ಕಟ್ಟಿದವರು ಕತ್ತಲೆಯಲ್ಲಿ ಕೂತಿದ್ದ ಅದೇ ಜನ.