ನಿಮಗಿದು ಗೊತ್ತೇ? ಶೇಂಗಾ, ಲಿಥಿಯಂ, ಸೆರೊಟೋನಿನ್

ಚಳ್ಳಕೆರೆ ಕಡೆಯ ದೊಡ್ಡಉಳ್ಳಾರ್ತಿ ಸುತ್ತಿನ ಹೊಲಗಳ ಶೇಂಗಾದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಇದೆ. ಮನಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ಸಂದೇಶವಾಹಕವನ್ನು ಮೆದುಳು ತಯಾರಿಸಿಕೊಳ್ಳುವುದು ಇದರಿಂದಲೇ. ಹಾಗಂತ ಹುರಿದ ಶೇಂಗಾ ಎಷ್ಟು ಮೆದ್ದರೂ ಮನಸ್ಸು ಹಗುರಾಗದು! ಅದರಲ್ಲಿರುವ ಬೇರೆ ಅಮೈನೋ ಆಮ್ಲಗಳೂ ಮೆದುಳು ಹೊಗಲು ಅದೇ ದಾರಿಗೆ ಮುಗಿಬೀಳುತ್ತವೆ. ಆ ನೂಕುನುಗ್ಗಲಲ್ಲಿ ಟ್ರಿಪ್ಟೊಫ್ಯಾನ್ ಹಿಂದೆ ಬೀಳುತ್ತದೆ.

ದೇಹದ ಸೆರೊಟೋನಿನ್‌ನಲ್ಲಿ ಶೇ. 90ಕ್ಕೂ ಹೆಚ್ಚು ಇರುವುದು ಕರುಳಿನಲ್ಲಿ. ಅದನ್ನು ಗುರುತಿಸುವ ಗ್ರಾಹಕಗಳು 14 ಬಗೆ.

ಮೊಬೈಲ್ ಬ್ಯಾಟರಿಯ ಲಿಥಿಯಂ ಮನೋರೋಗಕ್ಕೆ ಮದ್ದು ಕೂಡ. ಉನ್ಮಾದಕ್ಕೆ ಅದು ಫಲಕಾರಿ ಎಂದು 1949ರಲ್ಲಿ ಬರೆದವರು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್. ಆಗಿನ್ನೂ ಅಮೆರಿಕದ ಸೆವೆನ್ ಅಪ್ ಪಾನೀಯದಿಂದ ಲಿಥಿಯಂ ತೆಗೆದು ವರ್ಷವೊಂದಾಗಿತ್ತಷ್ಟೆ.



ಕಾಯಿಲೆಯೇ ಇಲ್ಲದವರು ಲಿಥಿಯಂ ನುಂಗಿದರೆ? 1980ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಇದನ್ನೇ ನೋಡಿದರು. ಆರೋಗ್ಯವಂತ ಸ್ವಯಂಸೇವಕರಿಗೆ ಲಿಥಿಯಂ ಕೊಟ್ಟು, ಆಮೇಲೆ ರಕ್ತನಾಳದ ಮೂಲಕ ಟ್ರಿಪ್ಟೊಫ್ಯಾನ್ ಹರಿಸಿದರು. ಸೆರೊಟೋನಿನ್ ಪ್ರಚೋದಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಮೊದಲಿಗಿಂತ ಹೆಚ್ಚು ಏರಿತು. ಅಂದರೆ ಸೆರೊಟೋನಿನ್ ಸಂದೇಶ ಚುರುಕಾಗಿತ್ತು. ಒಂದು ವಿವರಣೆ ಹೀಗಿದೆ: ನರದ ತುದಿಯಲ್ಲಿ 5-ಎಚ್‌ಟಿ1ಬಿ ಎಂಬ ಗ್ರಾಹಕ ತೂಬಿನಂತೆ ಕೂತಿರುತ್ತದೆ, ಸೆರೊಟೋನಿನ್ ಸಾಕಷ್ಟಾದರೆ ಹೊರಹರಿವು ತಗ್ಗಿಸುತ್ತದೆ. ಲಿಥಿಯಂ ಆ ಬಿಗಿಯನ್ನು ಸಡಿಲಿಸುತ್ತದೆ.

ಸಂದೇಶ ಚುರುಕಾದರೆ ಖುಷಿಯೂ ಉಕ್ಕಬೇಕಲ್ಲ? ಇಲ್ಲ. 1970ರ ದಶಕದ ಅಮೆರಿಕದ ಅಧ್ಯಯನದಲ್ಲಿ ಆರೋಗ್ಯವಂತರಿಗೆ ಆದದ್ದು ಜಡತೆ, ಮಂಕು. ಪಕ್ಕದ ಮನೆಯವರ ಮಾತ್ರೆ ಕೇಳಿ ನುಂಗುವವರು ನಮ್ಮಲ್ಲಿ ಕಮ್ಮಿಯಿಲ್ಲ, ಅವರಿಗೆ ಇದನ್ನು ಓದಿ ಹೇಳಿ.

ಲಿಥಿಯಂ ಪ್ರಮಾಣ ಬಲು ಸೂಕ್ಷ್ಮ. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇದ್ದರೆ ಮದ್ದು, 1.5 ದಾಟಿದರೆ ವಿಷದ ಲಕ್ಷಣ. ಚಳ್ಳಕೆರೆಯ ಬಿಸಿಲಲ್ಲಿ ಬೆವರಿ ನೀರು ಕುಡಿಯದಿದ್ದರೆ, ವಾಂತಿಭೇದಿಯಾದರೆ, ಬಿ.ಪಿ. ಎಂದು ಏಕಾಏಕಿ ಉಪ್ಪು ಬಿಟ್ಟರೆ, ಮೂತ್ರಪಿಂಡ ಸೋಡಿಯಂ ಜೊತೆ ಲಿಥಿಯಂ ಅನ್ನೂ ಹಿಡಿದಿಡುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನೋವಿನ ಮಾತ್ರೆಗಳಿಂದಲೂ ಅದು ಏರುತ್ತದೆ. ಕೈ ಜೋರಾಗಿ ನಡುಗಿದರೆ, ನಾಲಿಗೆ ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಾಗೆಂದು ಹೆದರಿ ತಾವೇ ಮಾತ್ರೆ ನಿಲ್ಲಿಸುವುದೂ ಅಪಾಯ, ಕಾಯಿಲೆ ಮರುಕಳಿಸೀತು.

ಮೊಳಕಾಲ್ಮೂರಿನ ನೆರೆಯ ಬಳ್ಳಾರಿಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್, ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು ಇಂಥ ಮನೋರೋಗಗಳಿಗೆ ಊರಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದ್ದು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶದಲ್ಲಿ ಅದೇ ಮಾದರಿ. ಈಗಿನ ಉಚಿತ ಸಹಾಯವಾಣಿ ಟೆಲಿ ಮನಸ್: 14416, ಕನ್ನಡದಲ್ಲೇ ಮಾತಾಡಬಹುದು.