ಚಿತ್ರೀಕರಣಕ್ಕೆ ಸಿಗುವ ಉತ್ತರ ವಸತಿಗೂ ಸಿಗಲಿ

ಲಾಸ್ ಏಂಜಲೀಸಿನ ಬೀದಿಯಲ್ಲಿ ಸಿನಿಮಾ ಚಿತ್ರೀಕರಿಸಲು ಪರವಾನಗಿ ಬೇಕು. 1995ರಲ್ಲಿ ಹುಟ್ಟಿದ ಫಿಲ್ಮ್‌ಎಲ್ಎ ಎಂಬ ಲಾಭರಹಿತ ಸಂಸ್ಥೆ ನಗರಾಡಳಿತದ ಪರವಾಗಿ ಅದನ್ನು ನಿರ್ವಹಿಸುತ್ತದೆ. ಯಾವ ದಿನ, ಎಷ್ಟು ಹೊತ್ತು, ವಾಹನ ಎಲ್ಲಿ ನಿಲ್ಲುತ್ತದೆ ಎಂಬುದು ಅಕ್ಕಪಕ್ಕದವರಿಗೆ ಮೊದಲೇ ತಿಳಿಯುತ್ತದೆ. ಒಂದೆರಡು ದಿನದ ಕೆಲಸಕ್ಕೇ ಇಷ್ಟು ಶಿಸ್ತು. ಆದರೆ ವರ್ಷಗಟ್ಟಲೆ ನಡೆಯುವ ತಾತ್ಕಾಲಿಕ ವಸತಿಯ ವಿಷಯದಲ್ಲಿ ಅದೇ ನಗರ ಎಡವಿತು. 2018ರಲ್ಲಿ ಕೊರಿಯಾಟೌನಿನ ಪಾರ್ಕಿಂಗ್ ಜಾಗವೊಂದರಲ್ಲಿ ಮನೆಯಿಲ್ಲದವರಿಗೆ ತಂಗುದಾಣ ಕಟ್ಟುವುದಾಗಿ ಘೋಷಿಸಿದಾಗ, ನಮ್ಮನ್ನು ಕೇಳಲೇ ಇಲ್ಲ ಎಂದು ನಿವಾಸಿಗಳು ಬೀದಿಗಿಳಿದರು. ಕೊನೆಗೆ ಬೇರೆ ಜಾಗ ಹುಡುಕಬೇಕಾಯಿತು. ಅಷ್ಟು ಕಾಲ ಕಷ್ಟಪಟ್ಟವರು ಫುಟ್‌ಪಾತಿನಲ್ಲಿ ಮಲಗಿದವರೇ, ಇದು ಮರೆಯಬಾರದ ಮಾತು.

ಮೊದಲೇ ತಿಳಿಸಿದರೆ ವಿರೋಧಿಗಳಿಗೆ ಸಂಘಟಿತರಾಗಲು ಸಮಯ ಸಿಗುತ್ತದೆ ಎಂಬ ಆಕ್ಷೇಪವಿದೆ. ಆ ಭಯ ಸುಳ್ಳಲ್ಲ. ಆದರೆ ತಿಳಿಸುವುದು ಬೇರೆ, ತಡೆಯುವ ಅಧಿಕಾರ ಕೊಡುವುದು ಬೇರೆ. ಚಿತ್ರೀಕರಣದ ಸೂಚನಾ ಪತ್ರ ಕೈಗೆ ಬಂದ ಮಾತ್ರಕ್ಕೆ ನೆರೆಯವರು ಕ್ಯಾಮೆರಾ ನಿಲ್ಲಿಸಲಾರರು. ಕ್ಯಾಲಿಫೋರ್ನಿಯಾದ ಬ್ರೌನ್ ಕಾಯ್ದೆಯ ಪ್ರಕಾರ ಸ್ಥಳೀಯ ಆಡಳಿತ ಸಂಸ್ಥೆಗಳ ಸಾಮಾನ್ಯ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗಬೇಕು, ಜನರಿಗೆ ಮಾತಾಡಲು ಅವಕಾಶವಿರಬೇಕು. ಅದು ಕನಿಷ್ಠ ಮಟ್ಟ ಮಾತ್ರ. ತಂಗುದಾಣದಲ್ಲಿ ಹಾಸಿಗೆಗಳೆಷ್ಟು, ರಾತ್ರಿ ಹೊಣೆ ಯಾರದು, ಅಲ್ಲಿಂದ ಶಾಶ್ವತ ಮನೆಗೆ ದಾರಿ ಯಾವುದು ಎಂಬುದಕ್ಕೆ ಉತ್ತರಿಸಲು ಅಲ್ಲಿ ತಂಗುವವರ ಹೆಸರು, ಕಾಯಿಲೆ ಹೊರಗೆಡಹಬೇಕಿಲ್ಲ. ಕೊನೆಯ ಪ್ರಶ್ನೆಯೇ ಕಠಿಣ. ಶಾಶ್ವತ ಮನೆಗಳಿಗೆಂದು ನಗರದ ಮತದಾರರು 2016ರಲ್ಲಿ 120 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಕಟ್ಟಡಗಳು ತಡವಾದಷ್ಟೂ ತಾತ್ಕಾಲಿಕ ಹಾಸಿಗೆಗಳು ಖಾಲಿಯಾಗುವುದಿಲ್ಲ. ಈ ವಿಳಂಬದ ಲೆಕ್ಕವನ್ನು 15 ಸದಸ್ಯರ ನಗರಸಭೆ ಪ್ರತಿ ಕ್ಷೇತ್ರದಲ್ಲೂ ಜನರ ಮುಂದಿಡಬೇಕು.