ಹೆತ್ತ ತಾಯಿ ಅತಿಥಿಯೆ?

ದಿನ ತುಂಬದೆ ಹುಟ್ಟಿದ ಕೂಸನ್ನು ಆಸ್ಪತ್ರೆಯ ವಿಶೇಷ ಕೋಣೆಗೆ ಒಯ್ದ ಮೇಲೆ ತಾಯಿ ಬಾಗಿಲ ಹೊರಗೆ ಕಾಯುವುದನ್ನು ನಾವು ಬಹುಕಾಲ ಸಹಜವೆಂದೇ ಭಾವಿಸಿದ್ದೇವೆ. ಸೋಂಕಿನ ಭಯ ಸುಳ್ಳಲ್ಲ. ಆದರೆ ಸೋಂಕಿಗೆಂದು ಹಾಕಿದ ಬಾಗಿಲು ತಾಯಿಯನ್ನೂ ಹೊರಗಿಟ್ಟಿತಲ್ಲ, ಆ ನಷ್ಟವನ್ನು ಲೆಕ್ಕವಿಟ್ಟವರಾರು ಎಂದು ನಾನು ಕೇಳುತ್ತೇನೆ.

ಪ್ರಶ್ನೆ ಹೊಸದಲ್ಲ. ಕೂಸಿನಿಂದ ದೂರವಿರಿಸಿದ ತಾಯಂದಿರಲ್ಲಿ ಅದರ ಮೇಲಣ ಆಸ್ಥೆಯೇ ಕುಂದುವುದನ್ನು ಪ್ಯಾರಿಸ್ಸಿನ ವೈದ್ಯ ಪಿಯೆರ್ ಬ್ಯೂಡಿನ್ 1900ರಷ್ಟು ಹಿಂದೆಯೇ ಬರೆದಿದ್ದನು.

ಉತ್ತರದ ದಾರಿ ತೋರಿದ್ದು ಕೊಲಂಬಿಯಾದ ಬೊಗೊಟಾ ನಗರ. ಅಲ್ಲಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರುಗಳು ಸಾಲದೆ, ಒಂದರಲ್ಲೇ ಹಲವು ಕೂಸುಗಳು ಮಲಗಿ ಸೋಂಕು ಹರಡುತ್ತಿತ್ತು. 1978ರಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಅವರು ಕೂಸನ್ನು ಮೈಗೆ ಮೈ ತಾಗುವಂತೆ ತಾಯಿಯ ಎದೆಯ ಮೇಲೆ ನೆಟ್ಟಗೆ ಕಟ್ಟಿಸಿದರು. ಕಾಂಗರೂವಿನ ಹೆಸರು ಪಡೆದ ಈ ಕ್ರಮದಲ್ಲಿ ಕಾವು, ಎದೆಹಾಲು ಎರಡೂ ಒಂದೆಡೆ ದೊರೆತವು.

ಇದು ಬಡವರ ಉಪಾಯವೆಂದು ತಳ್ಳಿಹಾಕುವಂತಿಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. 1.8 ಕಿಲೋಗ್ರಾಮಿಗಿಂತ ಕಡಮೆ ತೂಕದ ಕೂಸುಗಳಲ್ಲಿ, ಹುಟ್ಟಿದ ಕೆಲಹೊತ್ತಿಗೇ ಈ ಆರೈಕೆ ದೊರೆತವುಗಳಲ್ಲಿ 28 ದಿನದೊಳಗಿನ ಸಾವು ನೂರಕ್ಕೆ 12. ಸ್ಥಿತಿ ಸುಧಾರಿಸುವವರೆಗೆ ಕಾದವುಗಳಲ್ಲಿ 15.7. ಇದಕ್ಕಾಗಿ ತಾಯಿಯ ಮಂಚವನ್ನೇ ತೀವ್ರನಿಗಾ ಕೋಣೆಯೊಳಕ್ಕೆ ತರಬೇಕಾಯಿತು.

ಕೈ ತೊಳೆಯುವ ಕ್ರಮ, ಹಾಲು ಹಿಂಡಿ ಕುಡಿಸುವ ರೀತಿ, ಅಪಾಯದ ಲಕ್ಷಣಗಳ ಗುರುತು ಇವುಗಳನ್ನು ಮನೆಯವರಿಗೆ ಕಲಿಸಿ ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯವೂ 2017ರಲ್ಲಿ ಮಾರ್ಗಸೂಚಿ ಹೊರಡಿಸಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಪ್ರಯತ್ನ ನಡೆದಿದೆ.

ಆದರೆ ಕಾಗದದ ಮೇಲಿನ ನಿಯಮದಿಂದಲೇ ಬಾಗಿಲು ತೆರೆಯದು. ಹೊಟ್ಟೆಯ ಹೊಲಿಗೆ ಇನ್ನೂ ಮಾಗದ ಬಾಣಂತಿಗೆ ಒರಗಲು ಕುರ್ಚಿ ಬೇಕು, ಹೊತ್ತಿಗೆ ಊಟ ಬೇಕು, ಹತ್ತಿರದಲ್ಲಿ ಶೌಚಾಲಯ ಬೇಕು. ಆಕೆ ದಣಿದಾಗ ಕೂಸನ್ನು ಎದೆಗೊತ್ತಿಕೊಳ್ಳಲು ತಂದೆಗೋ ಅಜ್ಜಿಗೋ ಒಳಗೆ ಬರಗೊಡಬೇಕು. ಕೂಸಿನ ಸ್ಥಿತಿಯನ್ನು ಆಕೆಗೆ ತಿಳಿಯುವ ಮಾತಿನಲ್ಲಿ, ಗದರದೆ, ಹೇಳುವವರು ಬೇಕು.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಉಸಿರು ಸಾಲದ ಕೂಸಿಗೆ ಅದು ಬೇಕೇ ಬೇಕು. ಎಲ್ಲ ಆರೈಕೆಯೂ ಫಲಿಸುವುದಿಲ್ಲವೆಂಬುದೂ ನಿಜ. ಉಳಿಯಲಾರದ ಕೂಸನ್ನು ಕೊನೆಯ ಗಳಿಗೆಯಲ್ಲಾದರೂ ತಾಯಿ ಎತ್ತಿಕೊಂಡಿರುವುದಕ್ಕೆ ಯಾವ ಆಸ್ಪತ್ರೆಯ ನಿಯಮವೂ ಅಡ್ಡಬರಬಾರದು.